ಸಾರಲೇಖಕ್ಕೆ ಕೂತವರ ಕೈಗೆ ಕ್ರೆಸ್ವೆಲ್: ಕೊನೆಯ ಅಧ್ಯಾಯದಿಂದ ಓದಬೇಕಾದ ಪುಸ್ತಕ

ಪಿಎಚ್.ಡಿ. ಪ್ರವೇಶಕ್ಕೆ ಸಾರಲೇಖ (ಸಂಶೋಧನೆಯ ಯೋಜನೆಯನ್ನು ಹೇಳುವ ಸಿನಾಪ್ಸಿಸ್) ಸಿದ್ಧಪಡಿಸುವವರು ಗುಣಾತ್ಮಕ ಸಂಶೋಧನೆ, ಅಂದರೆ ಅಂಕಿಗಳಿಗಿಂತ ಜನರ ಮಾತು-ಅನುಭವಗಳನ್ನು ಆಧರಿಸಿದ ಸಂಶೋಧನೆ, ಎಂಬ ಮಾತನ್ನು ಬರೆದ ಕೂಡಲೇ ಎದುರಾಗುವ ಮುಂದಿನ ಪ್ರಶ್ನೆ, ಅದರಲ್ಲಿ ಯಾವ ವಿನ್ಯಾಸ ಎಂಬುದು. ಈ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಮಾರ್ಗದರ್ಶಕರು ಸಾಮಾನ್ಯವಾಗಿ ಹೇಳುವ ಹೆಸರು ಅಮೆರಿಕದ ಸಂಶೋಧನಾ ವಿಧಾನ ತಜ್ಞ ಜಾನ್ ಡಬ್ಲ್ಯು. ಕ್ರೆಸ್ವೆಲ್ ಅವರದು. ಅವರ ‘ಕ್ವಾಲಿಟೇಟಿವ್ ಎನ್‌ಕ್ವೈರಿ ಅಂಡ್ ರಿಸರ್ಚ್ ಡಿಸೈನ್’ ಸೇಜ್ ಪ್ರಕಾಶನದಿಂದ 1998ರಲ್ಲಿ ಮೊದಲು ಬಂದಿತು. ನಾನು ಓದಿದ್ದು ಗ್ರಂಥಾಲಯದಲ್ಲಿ ದೊರೆತ 2013ರ ಮೂರನೆಯ ಆವೃತ್ತಿ. ಬಾಗಲಕೋಟೆಯಲ್ಲಿ ಕುಳಿತು, ಇಳಕಲ್ಲಿನ ಕೈಮಗ್ಗದ ಮನೆಗಳ ಹೆಣ್ಣುಮಕ್ಕಳ ದುಡಿಮೆಯನ್ನು ಕುರಿತ ಸಾರಲೇಖದ ಕರಡನ್ನು ಪಕ್ಕದಲ್ಲಿಟ್ಟುಕೊಂಡು ಇದನ್ನು ಓದಿದೆನಾದ್ದರಿಂದ, ಈ ವಿಮರ್ಶೆಯೂ ಆ ಕೆಲಸಕ್ಕೆ ಪುಸ್ತಕ ಎಷ್ಟು ಒದಗಿತು ಎಂಬ ದೃಷ್ಟಿಯಿಂದಲೇ ಬರೆದದ್ದು.

ಪುಸ್ತಕವು ಐದು ವಿನ್ಯಾಸಗಳನ್ನು ಆರಿಸಿಕೊಂಡಿದೆ: ಕಥನ ಸಂಶೋಧನೆ, ಫಿನಾಮಿನಾಲಜಿ (ಒಂದು ಅನುಭವ ಅದನ್ನು ಪಡೆದವರಿಗೆ ಏನು ಎಂಬ ಹುಡುಕಾಟ), ಗ್ರೌಂಡೆಡ್ ಥಿಯರಿ (ಸಂಗ್ರಹಿಸಿದ ಮಾಹಿತಿಯಿಂದಲೇ ಸಿದ್ಧಾಂತ ಕಟ್ಟುವುದು), ಎಥ್ನಾಗ್ರಫಿ (ಒಂದು ಸಮುದಾಯದ ರೂಢಿಗಳ ಅಧ್ಯಯನ) ಮತ್ತು ಪ್ರಕರಣ ಅಧ್ಯಯನ. ತಾತ್ವಿಕ ನೆಲೆ, ಉದ್ದೇಶದ ಹೇಳಿಕೆ, ಮಾಹಿತಿ ಸಂಗ್ರಹ, ವಿಶ್ಲೇಷಣೆ, ಬರವಣಿಗೆ, ಮೌಲ್ಯಮಾಪನ ಎಂಬ ಪ್ರತಿ ಹಂತದಲ್ಲಿಯೂ ಈ ಐದನ್ನೂ ಅಕ್ಕಪಕ್ಕ ಇಟ್ಟು ತೋರಿಸುವುದು ಇದರ ಕ್ರಮ. ಮೊದಲ ಅಧ್ಯಾಯಗಳಲ್ಲಿ ಬರುವ ತಾತ್ವಿಕ ನೆಲೆಗಳ ಚರ್ಚೆ ಅಗತ್ಯವಾದುದೇ ಆದರೂ ಸಪ್ಪೆಯಾಗಿದೆ. ಅಲ್ಲಿಯೇ ಓದು ನಿಲ್ಲಿಸಿದವರು ಹಲವರಿರಬೇಕೆಂದು ನನ್ನ ಊಹೆ.

ಈ ಪುಸ್ತಕದ ನಿಜವಾದ ಬೆಲೆ ಇರುವುದು ಕೊನೆಯ ಅಧ್ಯಾಯದಲ್ಲಿ. ಅಮೆರಿಕದ ವಿಶ್ವವಿದ್ಯಾಲಯವೊಂದರ ತರಗತಿಗೆ ವಿದ್ಯಾರ್ಥಿಯೊಬ್ಬ ಬಂದೂಕು ಹಿಡಿದು ನುಗ್ಗಿದ, ಗುಂಡು ಹಾರಿಸಲು ನೋಡಿದ, ಬಂದೂಕು ಕೆಲಸ ಮಾಡದೆ ಎಲ್ಲರೂ ಬದುಕಿಕೊಂಡರು. ಆ ಘಟನೆಗೆ ಕ್ಯಾಂಪಸ್ ಹೇಗೆ ಪ್ರತಿಕ್ರಿಯಿಸಿತು ಎಂಬುದನ್ನು ಕ್ರೆಸ್ವೆಲ್ ಮತ್ತು ಆಸ್ಮುಸೆನ್ 1995ರಲ್ಲಿ ಪ್ರಕರಣ ಅಧ್ಯಯನವಾಗಿ ಪ್ರಕಟಿಸಿದ್ದರು. ಕೊನೆಯ ಅಧ್ಯಾಯವು ಇದೇ ಅಧ್ಯಯನವನ್ನು ಎತ್ತಿಕೊಂಡು ಉಳಿದ ನಾಲ್ಕು ವಿನ್ಯಾಸಗಳಿಗೆ ಒಂದೊಂದಾಗಿ ಹೊರಳಿಸುತ್ತದೆ. ಉದಾಹರಣೆಗೆ, ಫಿನಾಮಿನಾಲಜಿಯಾದರೆ ಕೇಳಬೇಕಾದದ್ದು ಭಯ ಎಂಬ ಅನುಭವದ ಬಗ್ಗೆ. ಎಥ್ನಾಗ್ರಫಿಯಾದರೆ ನೋಡಬೇಕಾದದ್ದು ಇಡೀ ವಿಶ್ವವಿದ್ಯಾಲಯ ಸಮುದಾಯದ ನಡವಳಿಕೆ. ಕಥನವಾದರೆ ಒಬ್ಬನೇ ವ್ಯಕ್ತಿಯ ಬಾಳಿನಲ್ಲಿ ಆ ಘಟನೆಯ ಸ್ಥಾನ. ವಿನ್ಯಾಸ ಬದಲಾದಂತೆ ಪ್ರಶ್ನೆಯೂ ನಾವು ಹೋಗಿ ಮಾತನಾಡಿಸಬೇಕಾದ ಮನುಷ್ಯರೂ ಬದಲಾಗುವುದನ್ನು ಇಷ್ಟು ಸ್ಪಷ್ಟವಾಗಿ ಬೇರೆಡೆ ನಾನು ಓದಿಲ್ಲ.

ಇದೇ ಕಸರತ್ತನ್ನು ಇಳಕಲ್ಲಿನ ವಿಷಯಕ್ಕೆ ಹಚ್ಚಿ ನೋಡಿದಾಗ ಪುಸ್ತಕದ ಉಪಯೋಗ ತಿಳಿಯಿತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಮಗ್ಗಕ್ಕೆ ಕೂರುವ ಮುನ್ನ ನಡೆಯುವ ಈ ಕೆಲಸ, ಕಂಡಿಕೆ (ಹೊಕ್ಕಿನ ನೂಲು ಸುತ್ತಿಡುವ ಕೊಳವೆ) ಸುತ್ತುವ ಕೆಲಸ, ಇವುಗಳಲ್ಲಿ ಮನೆಯ ಹೆಣ್ಣುಮಕ್ಕಳ ಕೈ ದೊಡ್ಡದು. ಈ ವಿಷಯವನ್ನು ಕಥನವಾಗಿ ಬರೆಯುವುದಾದರೆ ಮಗ್ಗದ ಮನೆಗೆ ಸೊಸೆಯಾಗಿ ಬಂದು ಮಗ್ಗ ಮಾರುವುದನ್ನೂ ಕಂಡ ಒಬ್ಬ ಹಿರಿಯಳ ಬಾಳಿನ ಕಾಲಕ್ರಮವೇ ಸಾಕು. ಫಿನಾಮಿನಾಲಜಿಯಾದರೆ ಮಗ್ಗ ನಿಂತುಹೋದ ಅನುಭವವುಳ್ಳ ಹಲವರನ್ನು ಮಾತನಾಡಿಸಿ, ಆ ಅನುಭವದಲ್ಲಿ ಎಲ್ಲರಿಗೂ ಸಮಾನವಾದುದೇನು ಎಂದು ಹುಡುಕಬೇಕು. ಒಂದು ಮನೆ ಕೈಮಗ್ಗ ಬಿಟ್ಟು ವಿದ್ಯುತ್ ಮಗ್ಗಕ್ಕೋ ಕೂಲಿಗೋ ಹೋಗುವ ತೀರ್ಮಾನಕ್ಕೆ ಹಂತಹಂತವಾಗಿ ಹೇಗೆ ಬರುತ್ತದೆ ಎಂಬುದು ಗ್ರೌಂಡೆಡ್ ಥಿಯರಿಯ ಪ್ರಶ್ನೆ. ನೇಕಾರರ ಒಂದು ಓಣಿಯಲ್ಲಿ ತಿಂಗಳುಗಟ್ಟಲೆ ಇದ್ದು ಅಲ್ಲಿಯ ರೂಢಿಗಳನ್ನು ಬರೆದರೆ ಎಥ್ನಾಗ್ರಫಿ. ಇನ್ನು ಪ್ರಕರಣ ಅಧ್ಯಯನವೆಂದು ಒಂದು ಸಹಕಾರ ಸಂಘವನ್ನು ಹಿಡಿದು, ಅದರ ಲೆಕ್ಕಪುಸ್ತಕ, ಸಭೆಯ ನಡಾವಳಿ, ಸದಸ್ಯರ ಸಂದರ್ಶನಗಳನ್ನು ಕೂಡಿಸಿ ನೋಡುವುದು ನಮ್ಮಲ್ಲಿ ಎಲ್ಲರಿಗೂ ಸುಲಭವೆನಿಸುವ ದಾರಿ. ಆದರೆ ಸಂಘವೇ ಪ್ರಕರಣದ ಎಲ್ಲೆಯಾದಾಗ, ಸದಸ್ಯತ್ವ ಗಂಡನ ಹೆಸರಿನಲ್ಲಿದ್ದು ಮನೆಯಲ್ಲಿ ಕಂಡಿಕೆ ಸುತ್ತುವವಳು ಆ ಎಲ್ಲೆಯ ಹೊರಗೆ ಉಳಿಯುತ್ತಾಳೆ. ಅವಳನ್ನು ಕುರಿತೇ ಬರೆಯಹೊರಟ ಸಾರಲೇಖಕ್ಕೆ ಇದು ಸಣ್ಣ ತೊಡಕಲ್ಲ. ಈ ಕಾರಣದಿಂದಲೇ ನನ್ನ ಕರಡು ಫಿನಾಮಿನಾಲಜಿಯತ್ತ ತಿರುಗಿತು. ಇಂತಹ ತೀರ್ಮಾನಕ್ಕೆ ವಿನ್ಯಾಸಗಳ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಬರಲಾಗುವುದಿಲ್ಲ.

ಉದ್ದೇಶದ ಹೇಳಿಕೆಗೆ ಕ್ರೆಸ್ವೆಲ್ ಕೊಡುವ ಬಿಟ್ಟ ಸ್ಥಳ ತುಂಬುವ ಮಾದರಿಯೂ ಪ್ರಯೋಜನಕಾರಿ. ಯಾವ ವಿನ್ಯಾಸ, ಯಾವ ಕೇಂದ್ರ ವಿದ್ಯಮಾನ, ಯಾರು, ಎಲ್ಲಿ ಎಂಬ ಖಾಲಿ ಜಾಗಗಳನ್ನು ತುಂಬಲು ಕೂತರೆ, ಇನ್ನೂ ತೀರ್ಮಾನವಾಗದ ವಿಷಯಗಳು ತಾವಾಗಿಯೇ ಹೊರಬೀಳುತ್ತವೆ. ಅದರ ಜೊತೆಗೆ ಒಂದು ಕೇಂದ್ರ ಪ್ರಶ್ನೆ, ಐದರಿಂದ ಏಳು ಉಪಪ್ರಶ್ನೆಗಳು ಎಂಬ ಮಿತಿಯನ್ನೂ ಅವರು ಹಾಕುತ್ತಾರೆ. ಇಪ್ಪತ್ತು ಉದ್ದೇಶಗಳನ್ನು ಪಟ್ಟಿ ಮಾಡುವ ನಮ್ಮ ಸಾರಲೇಖಗಳಿಗೆ ಈ ಶಿಸ್ತು ಬೇಕಿತ್ತು.

ಎಷ್ಟು ಜನರನ್ನು ಮಾತನಾಡಿಸಬೇಕು ಎಂಬ ಸ್ಯಾಂಪಲ್ ಗಾತ್ರದ ವಿಷಯದಲ್ಲಿ ಪುಸ್ತಕವನ್ನು ಕಣ್ಣುಮುಚ್ಚಿ ನಂಬಬಾರದು. ಗ್ರೌಂಡೆಡ್ ಥಿಯರಿಗೆ 20ರಿಂದ 30 ಜನ, ಪ್ರಕರಣ ಅಧ್ಯಯನಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಪ್ರಕರಣಗಳು ಬೇಡ, ಫಿನಾಮಿನಾಲಜಿಗೆ ಬೇರೆಬೇರೆ ವಿದ್ವಾಂಸರ ಪ್ರಕಾರ 3ರಿಂದ 10 ಅಥವಾ 5ರಿಂದ 25 ಜನ ಎಂಬ ಅಂಕಿಗಳು ಇಲ್ಲಿವೆ. ಅದೇ ಪುಸ್ತಕದ ಅನುಬಂಧದಲ್ಲಿ ಫಿನಾಮಿನಾಲಜಿಯ ಉದಾಹರಣೆಯೆಂದು ಕೊಟ್ಟಿರುವ 2002ರ ಲೇಖನವು ಏಡ್ಸ್ ಇರುವ 58 ಜನರನ್ನು ಕುರಿತದ್ದು. ಅವರ ಮಾತುಗಳಿಂದ 175 ಮಹತ್ವದ ಹೇಳಿಕೆಗಳನ್ನು ಆಯ್ದು 11 ಆಶಯಗಳಿಗೆ (ಥೀಮ್‌ಗಳಿಗೆ) ಇಳಿಸಿದ ಆ ಲೇಖನ ಓದಲೇಬೇಕಾದದ್ದು, ಆದರೆ ಸಲಹೆಯ ಅಂಕಿಗೂ ಉದಾಹರಣೆಯ ಅಂಕಿಗೂ ತಾಳೆಯಿಲ್ಲ. ಸಾರಲೇಖ ಮಂಡನೆಯಲ್ಲಿ ‘ನಿಮ್ಮ ಪ್ರಾಕ್ಕಲ್ಪನೆ ಏನು, ಸ್ಯಾಂಪಲ್ ಎಷ್ಟು’ ಎಂದು ಕೇಳುವವರ ಮುಂದೆ ಈ ಅಂಕಿಗಳನ್ನಷ್ಟೇ ಒಪ್ಪಿಸಿದರೆ ನಿಲ್ಲಲಾಗದು. ಪ್ರಾಕ್ಕಲ್ಪನೆಯನ್ನು, ಅಂದರೆ ಉತ್ತರದ ಊಹೆಯನ್ನು, ಮೊದಲೇ ಕಟ್ಟಿ ಪರೀಕ್ಷಿಸುವ ಬಗೆಯ ಪ್ರಶ್ನೆ ಇದಲ್ಲವೆಂಬುದನ್ನೂ, ಹೊಸ ಸಂದರ್ಶನದಿಂದ ಹೊಸದೇನೂ ಸಿಗದ ಹಂತದವರೆಗೆ ಹೋಗುವುದೇ ಲೆಕ್ಕವೆಂಬುದನ್ನೂ ತನ್ನ ವಿಷಯದಿಂದಲೇ ಬಿಡಿಸಿ ಹೇಳಬೇಕಾಗುತ್ತದೆ.

ಕ್ಷೇತ್ರಕಾರ್ಯದ ಅಧ್ಯಾಯವು ನಮ್ಮ ನೆಲಕ್ಕೆ ಪೂರ್ತಿ ಒಗ್ಗುವುದಿಲ್ಲ. ಗದ್ದಲವಿಲ್ಲದ ಜಾಗದಲ್ಲಿ ಸಂದರ್ಶನ ಮಾಡಿರಿ ಎನ್ನುತ್ತದೆ. ಇಳಕಲ್ಲಿನ ಓಣಿಯಲ್ಲಿ ಪಕ್ಕದ ಮನೆಯ ವಿದ್ಯುತ್ ಮಗ್ಗದ ಸದ್ದು ರೆಕಾರ್ಡರಿನಲ್ಲಿ ಮಾತಿಗಿಂತ ಜೋರಾಗಿ ಬೀಳುತ್ತದೆ, ಮತ್ತು ಕೆಲಸ ಬಿಟ್ಟು ಒಳಕೋಣೆಗೆ ಬಂದು ಕೂರಲು ದಿನಗೂಲಿಯ ಹೆಣ್ಣುಮಗಳಿಗೆ ಪುರಸೊತ್ತಿಲ್ಲ. ಕಂಡಿಕೆ ಸುತ್ತುತ್ತಲೇ ಅವಳು ಆಡುವ ಮಾತನ್ನು ದಾಖಲಿಸುವ ಬಗೆಯನ್ನು ನಾವೇ ರೂಪಿಸಿಕೊಳ್ಳಬೇಕು. ಬರೆದದ್ದನ್ನು ಮಾಹಿತಿದಾರರಿಗೇ ತೋರಿಸಿ ಸರಿನೋಡುವುದು ವಿಶ್ವಾಸಾರ್ಹತೆಯ ಎಂಟು ಕ್ರಮಗಳಲ್ಲಿ ಒಂದೆಂದು ಪುಸ್ತಕ ಹೇಳುತ್ತದೆ, ಎಂಟರಲ್ಲಿ ಎರಡನ್ನಾದರೂ ಪಾಲಿಸಿ ಎನ್ನುತ್ತದೆ. ಓದು ಬಾರದವರಿಗೆ ಅದನ್ನು ಕೂತು ಓದಿ ಹೇಳಬೇಕಾದ ಸಂದರ್ಭ ಅದರ ಲಕ್ಷ್ಯದಲ್ಲಿಲ್ಲ. ಕನ್ನಡದಲ್ಲಿ ನಡೆದ ಸಂದರ್ಶನವನ್ನು ಯಾವ ಹಂತದಲ್ಲಿ ಇಂಗ್ಲಿಷಿಗೆ ತರಬೇಕು ಎಂಬ ನಮ್ಮ ನಿತ್ಯದ ತಲೆನೋವಿಗೂ ಇಲ್ಲಿ ಮದ್ದು ಸಿಗಲಿಲ್ಲ.

ಮಾಹಿತಿಯನ್ನು ಕಾಪಿಡುವ ಬಗ್ಗೆ ಇರುವ ಚಿಕ್ಕ ಭಾಗವನ್ನು ಮಾತ್ರ ಹಾರಿಸಬೇಡಿ. 1948ರಲ್ಲಿ ಮೈಸೂರು ಸೀಮೆಯ ರಾಮಪುರದಲ್ಲಿ ಇದ್ದು ಬಂದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಸಂಸ್ಕರಿಸಿ ಇಟ್ಟಿದ್ದ ಕ್ಷೇತ್ರಕಾರ್ಯದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾದವು. ಅವರು ನೆನಪಿನ ಬಲದಿಂದ 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಎಂಬ ಗ್ರಂಥ ಕೊಟ್ಟರು. ನಮ್ಮಲ್ಲಿ ಎಷ್ಟು ಜನರಿಗೆ ಆ ನೆನಪಿದೆ? ಪ್ರತಿ ಧ್ವನಿಮುದ್ರಣದ ಎರಡನೆಯ ಪ್ರತಿ ಬೇರೊಂದು ಜಾಗದಲ್ಲಿ ಇರಲಿ.

ವಿಶ್ಲೇಷಣೆಯ ತಂತ್ರಾಂಶಗಳ ಪರಿಚಯ ಈಗ ಹಳತಾಗಿದೆ. ಐದಾರು ಸಂಕೇತಗಳಿಂದ (ಮಾಹಿತಿಯ ತುಣುಕುಗಳಿಗೆ ಕೊಡುವ ಚಿಕ್ಕ ಹೆಸರುಗಳಿಂದ) ಶುರುಮಾಡಿ, 25-30 ಮೀರದಂತೆ ನೋಡಿಕೊಂಡು, ಮತ್ತೆ ಐದಾರು ಆಶಯಗಳಿಗೆ ಇಳಿಸಿ ಎಂಬ ಸಲಹೆಯನ್ನು ನೋಟ್‌ಬುಕ್ಕು ಮತ್ತು ಬಣ್ಣದ ಪೆನ್ನುಗಳಿಂದಲೂ ಪಾಲಿಸಬಹುದು.

ಕೊಳ್ಳುವವರು ಗಮನಿಸಬೇಕಾದ ಒಂದು ಸಂಗತಿಯಿದೆ. 2018ರ ನಾಲ್ಕನೆಯ ಆವೃತ್ತಿಗೆ ಶೆರಿಲ್ ಪಾತ್ ಸಹಲೇಖಕಿ, ಮತ್ತು ಅನುಬಂಧದ ಮಾದರಿ ಲೇಖನಗಳು ಎಲ್ಲ ಆವೃತ್ತಿಗಳಲ್ಲಿಯೂ ಒಂದೇ ಆಗಿಲ್ಲ. ಬಂದೂಕಿನ ಪ್ರಕರಣದ ಮೂಲ ಲೇಖನ ಮೂರನೆಯ ಆವೃತ್ತಿಯ ಅನುಬಂಧದಲ್ಲಿ ಪೂರ್ತಿಯಾಗಿ ಇದೆ. ಹಿರಿಯ ವಿದ್ಯಾರ್ಥಿಗಳಿಂದ ಹಳೆಯ ಪ್ರತಿ ಸಿಕ್ಕರೆ ಮೊದಲು ಆ ಲೇಖನ, ನಂತರ ಕೊನೆಯ ಅಧ್ಯಾಯ, ಆಮೇಲೆ ಸಾರಲೇಖದ ಸ್ವರೂಪವನ್ನು ಹೇಳುವ ಮೂರನೆಯ ಅಧ್ಯಾಯ, ಈ ಕ್ರಮದಲ್ಲಿ ಓದಬಹುದು. ಉಲ್ಲೇಖಿಸುವಾಗ ಆವೃತ್ತಿಯ ಸಂಖ್ಯೆಯನ್ನು ತಪ್ಪದೆ ಬರೆಯಿರಿ, ಪುಟಸಂಖ್ಯೆಗಳು ಹೊಂದುವುದಿಲ್ಲ.