ಚೈನ್ ಗೇಜ್: ಚಿಕ್ಕಮಗಳೂರಿನ ಮಳೆ, ಕೆಸರಿನಲ್ಲಿ ಬಳಸಿದ ಅನುಭವ

ಗಿಯರ್ ಸೈಕಲ್ ಇಟ್ಟುಕೊಂಡವರು ಪಂಪ್, ಪಂಕ್ಚರ್ ಕಿಟ್ ಆದ ಮೇಲೆ ಕೊಳ್ಳಬೇಕಾದ್ದು ಚೈನ್ ಗೇಜ್, ಅಂದರೆ ಚೈನ್ ಎಷ್ಟು ಸವೆದಿದೆ ಅಂತ ಅಳೆಯುವ ಸಾಧನ. ನನ್ನ ಬಳಿ ಇರುವುದು ತೀರಾ ಸರಳವಾದ ಉಕ್ಕಿನ ಪಟ್ಟಿ. ಒಂದು ತುದಿಯಲ್ಲಿ 0.5, ಇನ್ನೊಂದರಲ್ಲಿ 0.75 ಅಂತ ಕೊರೆದಿದೆ. ಚೈನ್ ಒಳಗೆ ಇಳಿಸಿ ನೋಡುವುದು, ಅಷ್ಟೇ. ಇಳಿಯದಿದ್ದರೆ ಚೈನ್ ಚೆನ್ನಾಗಿದೆ. ಪೂರ್ತಿ ಇಳಿದರೆ ಅಷ್ಟು ಶೇಕಡಾ ಸವೆದಿದೆ. ಕೆಲವು ಮಳೆಗಾಲ ಕಳೆದರೂ ಗೇಜ್ ಹಾಗೇ ಇದೆ.

ಉಕ್ಕಿನ ಚೈನ್ ರಬ್ಬರಿನ ಹಾಗೆ ಹಿಗ್ಗುವುದಿಲ್ಲ. ಕೊಂಡಿಗಳನ್ನು ಜೋಡಿಸುವ ಪಿನ್ ಮತ್ತು ಅದು ತಿರುಗುವ ಜಾಗ ಸವೆಯುತ್ತವೆ. ಒಂದೊಂದು ಕೀಲಿನಲ್ಲೂ ಚೂರು ಚೂರು ಸಡಿಲವಾಗಿ ಇಡೀ ಚೈನ್ ಉದ್ದವಾಗುತ್ತದೆ. ಉದ್ದವಾದ ಚೈನ್ ಹಿಂದಿನ ಕ್ಯಾಸೆಟ್ಟಿನ (ಹಿಂದಿನ ಗಾಲಿಯಲ್ಲಿರುವ ಹಲ್ಲುಚಕ್ರಗಳ ಗೊಂಚಲು) ಹಲ್ಲುಗಳನ್ನು ತನ್ನ ಅಳತೆಗೆ ತಿಂದು ಹಾಕುತ್ತದೆ. ಆಮೇಲೆ ಹೊಸ ಚೈನ್ ಹಾಕಿದರೂ ಅದು ಆ ಹಲ್ಲುಗಳ ಮೇಲೆ ಕೂರುವುದಿಲ್ಲ. ಒತ್ತಿ ತುಳಿದಾಗ ಜಾರುತ್ತದೆ. ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತುವಾಗ ಎದ್ದು ನಿಂತು ತುಳಿಯುತ್ತೇವೆ ಅಲ್ವಾ, ಆಗ ಚೈನ್ ಜಾರಿದರೆ ಬೀಳುವುದೇ. ಚೈನ್ ಬೆಲೆ ಕಡಿಮೆ, ಕ್ಯಾಸೆಟ್ ಬೆಲೆ ಜಾಸ್ತಿ. ಕಡಿಮೆ ಬೆಲೆಯದ್ದನ್ನು ಸರಿಯಾದ ಹೊತ್ತಿಗೆ ಬದಲಿಸಿದರೆ ದುಬಾರಿಯದು ಉಳಿಯುತ್ತದೆ.

ಇಷ್ಟು ಕಿಲೋಮೀಟರಿಗೆ ಚೈನ್ ಬದಲಿಸಿ ಅನ್ನುವ ಲೆಕ್ಕ ನಮ್ಮ ಜಿಲ್ಲೆಯಲ್ಲಿ ನಿಲ್ಲುವುದಿಲ್ಲ. ಕಡೂರು ರಸ್ತೆ ಬಯಲುಸೀಮೆ, ಮಳೆ ಕಡಿಮೆ. ಮೂಡಿಗೆರೆ ಕಡೆ ಹೋದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು, ಕೆಸರು, ತೋಟದ ದಾರಿಯ ಕೆಂಪು ಮಣ್ಣು. ಎಣ್ಣೆಯ ಜೊತೆ ಆ ಮಣ್ಣು ಬೆರೆತರೆ ಚೈನನ್ನು ಅರೆಯುತ್ತಲೇ ಇರುತ್ತದೆ. ಒಂದೇ ಸೈಕಲ್, ಒಂದೇ ಜಾತಿಯ ಚೈನ್, ಆದರೂ ಬೇಸಿಗೆಯಲ್ಲಿ ನಿಧಾನ, ಮಳೆಗಾಲದಲ್ಲಿ ಬೇಗ ಸವೆಯುತ್ತದೆ. ಅದಕ್ಕೇ ಅಳೆದು ನೋಡಬೇಕು. ಮಳೆಗಾಲದಲ್ಲಿ ನಾನು ಚೈನ್ ತೊಳೆದಾಗಲೆಲ್ಲ ಮೂರು ನಾಲ್ಕು ಜಾಗದಲ್ಲಿ ಗೇಜ್ ಇಳಿಸಿ ನೋಡುತ್ತೇನೆ.

11, 12 ಸ್ಪೀಡ್ ಸೈಕಲ್ಲಾದರೆ, ಅಂದರೆ ಕ್ಯಾಸೆಟ್ಟಿನಲ್ಲಿ ಅಷ್ಟು ಹಲ್ಲುಚಕ್ರ ಇದ್ದರೆ, 0.5 ಬಂದಾಗಲೇ ಬದಲಿಸಿ. 10 ಸ್ಪೀಡ್ ಮತ್ತು ಅದಕ್ಕಿಂತ ಕಡಿಮೆಯದ್ದಕ್ಕೆ 0.75 ತನಕ ಸಮಯವಿದೆ. 1 ದಾಟಿದರೆ ಕ್ಯಾಸೆಟ್ ಕೂಡ ಹೋಗಿರುವ ಸಾಧ್ಯತೆಯೇ ಹೆಚ್ಚು.

ಈ ಗೇಜಿಗೆ ಒಂದು ಕೊರತೆ ಇದೆ. ಇದು ಎರಡು ರೋಲರ್‌ಗಳನ್ನು (ಪಿನ್ನಿನ ಸುತ್ತ ಉರುಳುವ ಉಂಗುರಗಳು) ಎದುರುಬದುರು ತಳ್ಳಿ ಅಳೆಯುತ್ತದೆ. ಹಾಗಾಗಿ ರೋಲರಿನ ಸಡಿಲವೂ ಲೆಕ್ಕಕ್ಕೆ ಸೇರಿ, ಸವೆತ ನಿಜಕ್ಕಿಂತ ಸ್ವಲ್ಪ ಜಾಸ್ತಿ ಕಾಣುತ್ತದೆ. ಶಿಮಾನೋದ ಟಿಎಲ್-ಸಿಎನ್42 ಥರದ ಮೂರು ಕಡೆ ಕೂರುವ ಗೇಜ್‌ಗಳಲ್ಲಿ ಈ ತೊಂದರೆ ಇಲ್ಲ. ಅನುಮಾನ ಬಂದರೆ ನಾನು ಉಕ್ಕಿನ ಸ್ಕೇಲ್ ಹಿಡಿಯುತ್ತೇನೆ. ಚೈನ್ ಬಿಗಿಯಾಗಿ ಎಳೆದು, ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ, ಹೊಸ ಚೈನಿನಲ್ಲಿ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ನಡು ಬರುತ್ತದೆ. ಅದು 1/16 ಇಂಚು ಮುಂದೆ ಹೋಗಿದ್ದರೆ ಸವೆತ 0.5 ಮುಟ್ಟಿದೆ. 1/8 ಇಂಚು ಹೋಗಿದ್ದರೆ 1 ದಾಟಿದೆ.

ಗೇಜ್ ಕ್ಯಾಸೆಟ್ ಬಗ್ಗೆ ಏನೂ ಹೇಳುವುದಿಲ್ಲ. ಒಂದು ಅಂಗಡಿಯಲ್ಲಿ ಚೈನ್, ಕ್ಯಾಸೆಟ್, ಮುಂದಿನ ಚೈನ್‌ರಿಂಗ್ (ಪೆಡಲ್ ಬಳಿಯ ದೊಡ್ಡ ಹಲ್ಲುಚಕ್ರ) ಎಲ್ಲ ಒಟ್ಟಿಗೆ ಬದಲಿಸಿ ಅಂದರು. ನಾನು ಚೈನ್ ಮಾತ್ರ ಬದಲಿಸಿ, ಒಂದೊಂದೇ ಗಿಯರಿನಲ್ಲಿ ಜೋರಾಗಿ ತುಳಿದು ನೋಡಿದೆ. ಯಾವುದರಲ್ಲೂ ಜಾರಲಿಲ್ಲ, ಹಳೇ ಕ್ಯಾಸೆಟ್ಟೇ ಮುಂದುವರಿಯಿತು. ನೀವೂ ಹೀಗೆ ನೋಡಿ. ನೀವು ಜಾಸ್ತಿ ಬಳಸುವ ಗಿಯರುಗಳಲ್ಲಿ, ಅದರಲ್ಲೂ ಚಿಕ್ಕ ಹಲ್ಲುಚಕ್ರಗಳಲ್ಲಿ ಮೊದಲು ಜಾರುತ್ತದೆ, ಏಕೆಂದರೆ ಅಲ್ಲಿ ಕಡಿಮೆ ಹಲ್ಲುಗಳ ಮೇಲೆ ಅಷ್ಟೂ ಭಾರ ಬೀಳುತ್ತದೆ. ಚೈನ್‌ರಿಂಗ್ ಎಷ್ಟೋ ಚೈನ್‌ಗಳ ಕಾಲ ಬರುತ್ತದೆ. ಹಲ್ಲು ಕೊಕ್ಕೆಯಾಗಿ ಬಾಗುವ ತನಕ ಮುಟ್ಟಬೇಡಿ.

ಗಿಯರ್ ಇಲ್ಲದ ಸೈಕಲ್ಲಿಗೆ ಗೇಜ್ ಬೇಕಿಲ್ಲ, ಸ್ಕೇಲ್ ಸಾಕು.