ಸ್ವಿಚ್ ಆಫ್ ಇದ್ದರೂ ಶಾಕ್! ಮೆಟ್ಟಿಲಿಗೆ ಟೂ ವೇ ಲೈಟ್ ಹಾಕಿಸುವವರು ಓದಿ

ನಾನು ಪೆದ್ದಿ ಆದ ಕತೆ ಇದು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ನಗೋದಿದ್ದರೆ ನಗಿ, ಆದರೆ ಪೂರ್ತಿ ಓದಿ.

ಮೆಟ್ಟಿಲ ಲೈಟಿಗೆ ಕೆಳಗೊಂದು ಮೇಲೊಂದು ಸ್ವಿಚ್ ಬೇಕಿತ್ತು. ಅರ್ಧ ದಿನದ ಕೆಲಸ ಅಂದ ಎಲೆಕ್ಟ್ರಿಷಿಯನ್ ಒಂದೇ ಗಂಟೆಯಲ್ಲಿ ಮುಗಿಸಿದ. ಎರಡೂ ಕಡೆಯಿಂದ ಲೈಟ್ ಹತ್ತಿತು, ಆರಿತು. "ಇಷ್ಟು ಬೇಗನಾ?" ಅಂದೆ. "ಹೋಲ್ಡರ್‌ಗೆ ಎರಡು ಹಾಫ್ ಕೊಟ್ಟಿದೀನಿ ಮೇಡಂ, ಜಾಸ್ತಿ ವೈರ್ ಎಳೆಯೋದೇ ಬೇಡ" ಅಂದ. ಹಾಫ್ ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ. ಕೋಲೆ ಬಸವನ ಹಾಗೆ ತಲೆ ಆಡಿಸಿದೆ. ಕೂಲಿ ಮಾತ್ರ ಫುಲ್ಲೇ ತಗೊಂಡ, ಎಳೆಯದ ವೈರಿನ ಲೆಕ್ಕವನ್ನೂ ಸೇರಿಸಿ!

ಮೂರು ತಿಂಗಳಿಗೆ ಬಲ್ಬ್ ಮಿಣುಕತೊಡಗಿತು. ಸ್ವಿಚ್ ಆಫ್ ಮಾಡಿದೆ, ಲೈಟ್ ಆರಿತು. ಸ್ಟೂಲ್ ಹತ್ತಿ ಬಲ್ಬ್ ಬಿಚ್ಚಿದೆ. ಹೋಲ್ಡರ್ ಒಳಗೆ ಒಂದು ಪಿನ್ ಸಿಕ್ಕಿಕೊಂಡಿತ್ತು, ಬೆರಳಲ್ಲಿ ಮೀಟಿದೆ. ಇನ್ನೊಂದು ಕೈ ಕಬ್ಬಿಣದ ಕಂಬಿ ಮೇಲಿತ್ತು. ಹೊಡೆಯಿತು ನೋಡಿ! ಸ್ಟೂಲಿಂದ ಕೆಳಗೆ ಬಿದ್ದೆ. ಸ್ವಿಚ್ ಆಫ್ ಇತ್ತು. ಮತ್ತೆ ಹೇಳ್ತೀನಿ, ಆಫ್ ಇತ್ತು.

ಫೋನ್ ಮಾಡಿದರೆ ಅವನ ಮೊದಲ ಮಾತೇ "ಚಪ್ಪಲಿ ಹಾಕ್ಕೊಂಡಿದ್ರಾ?" ಆಮೇಲೆ "ಮೇನ್ ಆಫ್ ಮಾಡಬೇಕಿತ್ತು ಮೇಡಂ". ಅದು ನಿಜವೇ, ನನ್ನ ತಪ್ಪೇ. ಅದಕ್ಕೇ ಬಾಯಿ ಮುಚ್ಚಿಕೊಂಡೆ. ಮರುದಿನ ಬಂದ. ಕೆಳಗಿನ ಸ್ವಿಚ್ ಒತ್ತಿದ, ಮೇಲಿನದನ್ನೂ ಒತ್ತಿದ. ಹೋಲ್ಡರಿಗೆ ಟೆಸ್ಟರ್ ಇಟ್ಟ. ಹತ್ತಲಿಲ್ಲ. "ಎಲ್ಲಿದೆ ಕರೆಂಟು? ನಿಮಗೆ ಸುಮ್ನೆ ಭಯ." ಮನೆಯವರೆಲ್ಲ ನನ್ನ ಮುಖ ನೋಡಿದರು. ಆ ಕ್ಷಣ ನಾನೇ ಸುಳ್ಳಿ ಆಗಿಬಿಟ್ಟೆ. ಎರಡೂ ಸ್ವಿಚ್ ಯಾಕೆ ಒತ್ತಿದ ಅಂತ ಆಗ ಹೊಳೆಯಲಿಲ್ಲ.

ಹೊಳೆಸಿದ್ದು ಇನ್ನೊಬ್ಬ ಎಲೆಕ್ಟ್ರಿಷಿಯನ್. ಹೋಲ್ಡರ್ ಬಿಚ್ಚಿ "ಎರಡೂ ಹಾಫೇ ಬಂದಿದೆ, ನ್ಯೂಟ್ರಲ್ ಎಲ್ಲಿ?" ಅಂದರು. ಹಾಫ್ ಅಂದರೆ ಸ್ವಿಚ್ಚಿನಿಂದ ಬಲ್ಬಿಗೆ ಹೋಗುವ ವೈರ್ ಅಂತೆ. ಫೇಸ್ ಅಂದರೆ ಕರೆಂಟ್ ತರುವ ವೈರ್, ನ್ಯೂಟ್ರಲ್ ಅಂದರೆ ಅದು ವಾಪಸ್ ಹೋಗುವ ವೈರ್. ಸರಿಯಾದ ವೈರಿಂಗ್‌ನಲ್ಲಿ ಫೇಸ್ ಒಂದು ಸ್ವಿಚ್ಚಿನ ಕಾಮನ್‌ಗೆ, ಅಂದರೆ ಸ್ವಿಚ್ ಒತ್ತಿದಂತೆ ಉಳಿದೆರಡರಲ್ಲಿ ಒಂದಕ್ಕೆ ಸೇರುವ ಟರ್ಮಿನಲ್‌ಗೆ, ಬರಬೇಕು. ಎರಡು ಸ್ವಿಚ್ಚುಗಳ ನಡುವೆ ಎರಡು ವೈರ್. ಇನ್ನೊಂದರ ಕಾಮನ್‌ನಿಂದ ಬಲ್ಬಿಗೆ ಒಂದೇ ಹಾಫ್. ನ್ಯೂಟ್ರಲ್ ನೇರವಾಗಿ ಬಲ್ಬಿಗೆ, ಸ್ವಿಚ್ ಮುಟ್ಟಲೇಬಾರದು. ನಮ್ಮಲ್ಲಿ ಮೊದಲನೆಯವನು ಪ್ರತಿ ಸ್ವಿಚ್ಚಿಗೂ ಒಂದು ಕಡೆ ಫೇಸ್, ಒಂದು ಕಡೆ ನ್ಯೂಟ್ರಲ್ ಕೊಟ್ಟು, ಎರಡರ ಕಾಮನ್‌ನಿಂದಲೂ ಬಲ್ಬಿಗೆ ಒಂದೊಂದು ಹಾಫ್ ಎಳೆದಿದ್ದ. ಬಲ್ಬಿನ ಒಂದು ಕಾಲಿಗೆ ಫೇಸ್, ಇನ್ನೊಂದಕ್ಕೆ ನ್ಯೂಟ್ರಲ್ ಬಂದರೆ ಲೈಟ್ ಉರಿಯುತ್ತೆ. ಎರಡಕ್ಕೂ ನ್ಯೂಟ್ರಲ್ ಬಂದರೆ ಆರುತ್ತೆ. ಎರಡಕ್ಕೂ ಫೇಸ್ ಬಂದರೂ ಆರುತ್ತೆ! ಲೈಟ್ ಇಲ್ಲ, ಆದರೆ ಎರಡೂ ಪಿನ್‌ನಲ್ಲಿ 230 ವೋಲ್ಟ್. ನಾನು ಕೈ ಹಾಕಿದ್ದು ಅಲ್ಲಿಗೆ. ಅವನು ಎರಡೂ ಸ್ವಿಚ್ ತಿರುಗಿಸಿ ನ್ಯೂಟ್ರಲ್ ಮಾಡಿಕೊಂಡೇ ಟೆಸ್ಟರ್ ಇಟ್ಟಿದ್ದ. ಗೊತ್ತಿದ್ದೂ!

ಅವನಿಗೆ ಮತ್ತೆ ಫೋನ್ ಮಾಡಿದೆ. ಇದಕ್ಕೆ ಕಾರ್ಟರ್ ಕನೆಕ್ಷನ್ ಅಂತ ಹೆಸರಿದೆ, ಅಮೆರಿಕದಲ್ಲಿ 1923ರಲ್ಲೇ ನಿಷೇಧ ಮಾಡಿದ್ದಾರೆ ಅಂದೆ. "ಅವರದ್ದು ತ್ರೀ ವೇ ಮೇಡಂ, ನಮ್ಮದು ಟೂ ವೇ" ಅಂದ. ಮಹಾರಾಯ, ಮೂರು ಟರ್ಮಿನಲ್ ಇರುವ ಅದೇ ಸ್ವಿಚ್ಚಿಗೆ ಅವರು ತ್ರೀ ವೇ ಅಂತಾರೆ ಅಷ್ಟೇ! "ಪೈಪಲ್ಲಿ ಜಾಗ ಇರಲಿಲ್ಲ" ಅಂದ. ಕೊನೆಗೆ "ಲೈಟ್ ಉರೀತಿತ್ತು ತಾನೇ?" ಅಂದ. ಅಲ್ಲಿಂದೀಚೆಗೆ ಫೋನ್ ಎತ್ತಿಲ್ಲ.

ದುಡ್ಡು ಕೊಡುವ ಮುಂಚೆ ಬಲ್ಬ್ ಬಿಚ್ಚಿಸಿ, ಲೈಟ್ ಆರಿರುವ ಎರಡೂ ಸ್ಥಿತಿಯಲ್ಲಿ ಹೋಲ್ಡರಿಗೆ ಅವರ ಕೈಯಿಂದಲೇ ಟೆಸ್ಟರ್ ಇಡಿಸಿ. ಒಂದರಲ್ಲಿ ಹತ್ತಿದರೂ ಒಪ್ಪಬೇಡಿ. ನೀವು ಕೈ ಹಾಕುವುದಿದ್ದರೆ ಮೇನ್ ಆಫ್ ಮಾಡಿ. ಹಾಫ್, ಲೂಪ್ ಅಂತೆಲ್ಲ ಅಂದರೆ ಹಾಗಂದರೇನು ಅಂತ ಕೇಳಿ, ಮರ್ಯಾದೆ ಏನೂ ಹೋಗಲ್ಲ. ನನ್ನದು ಹೋಗಿದ್ದು ಕೇಳದೆ.

ಎರಡನೆಯವರು ಅದೇ ಪೈಪಲ್ಲಿ ಎರಡು ವೈರ್ ಎಳೆದರು. ಸಲೀಸಾಗಿ ಹೋದವು.