56 ಮೊಟ್ಟೆಯ ಇನ್‌ಕ್ಯುಬೇಟರ್: ನಾಟಿ ಕೋಳಿ ತಳಿ ಉಳಿಸುವವರಿಗೆ ಎಷ್ಟು ಉಪಯೋಗ?

ಪ್ಲಾಸ್ಟಿಕ್ ಪೆಟ್ಟಿಗೆ, ಪಾರದರ್ಶಕ ಮುಚ್ಚಳ, ಒಳಗೆ ಫ್ಯಾನು, ಹೀಟರು, ಮೊಟ್ಟೆ ಹೊರಳಿಸುವ ಟ್ರೇ. ಹತ್ತಾರು ಹೆಸರಿನಲ್ಲಿ ಮಾರಾಟವಾಗುವ ಈ ಸಣ್ಣ ಇನ್‌ಕ್ಯುಬೇಟರ್ ಮರಿ ಮಾರುವವರಿಗೆ ಧಾರಾಳವಾಗಿ ಸಾಕು. ಆದರೆ ಘಾಗಸ್, ಅಸೀಲ್ ಅಥವಾ ಊರಿನ ಬೋಳು ಕತ್ತಿನ ಕೋಳಿಯ ಗುಣಗಳನ್ನು ಉಳಿಸಿ, ಬರೆದಿಡುವವರಿಗೆ ಬೇಕಾದದ್ದು ಬೇರೆ. ಈ ಮರಿ ಯಾವ ಹೇಂಟೆಯದು ಎಂದು ಗೊತ್ತಾಗಬೇಕು. ಆ ಅನುಕೂಲ ಈ ಪೆಟ್ಟಿಗೆಯಲ್ಲಿಲ್ಲ, ನಾವೇ ಮಾಡಿಕೊಳ್ಳಬೇಕು.

ಮೊದಲು ಕಾವಿನ ಮಾತು. ಫ್ಯಾನ್ ಇರುವ ಪೆಟ್ಟಿಗೆಗೆ 37.5ರಿಂದ 37.7 ಡಿಗ್ರಿ ಸೆಲ್ಸಿಯಸ್ ಬೇಕು. ಪರದೆಯ ಮೇಲೆ ಕಾಣುವ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನು ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ, ನಡುವೆ ಮತ್ತು ನಾಲ್ಕೂ ಮೂಲೆಗಳಲ್ಲಿ ಇಟ್ಟು ನೋಡಿ, ವ್ಯತ್ಯಾಸ ಇದ್ದಷ್ಟು ಸೆಟ್ಟಿಂಗ್ ಸರಿಪಡಿಸಿ. ಮೊಟ್ಟೆ ಇಡುವ ಮುಂಚೆ ಒಂದು ದಿನ ಖಾಲಿ ಓಡಿಸಿ ಈ ಕೆಲಸ ಮುಗಿಸಬೇಕು. ಕಾವು ಹೆಚ್ಚಾದರೆ 19–20ನೇ ದಿನಕ್ಕೇ ಮರಿ ಬಂದು ಹೊಕ್ಕುಳು ಮುಚ್ಚಿರುವುದಿಲ್ಲ. ಕಡಿಮೆಯಾದರೆ 22 ದಿನ ದಾಟಿ, ಹೊಟ್ಟೆ ಊದಿದ ಸೋಮಾರಿ ಮರಿಗಳು ಬರುತ್ತವೆ.

ಟ್ರೇ ದೊಡ್ಡ ಕೊರತೆ. ಅದರ ಅಳತೆ ಫಾರಂ ಮೊಟ್ಟೆಗೆ ಸರಿ. ನಲವತ್ತು ಗ್ರಾಂ ಆಸುಪಾಸಿನ ನಾಟಿ ಮೊಟ್ಟೆ ಅದರಲ್ಲಿ ಸಡಿಲವಾಗಿ ಕೂತು, ಟ್ರೇ ಸರಿದರೂ ತಾನು ಹೊರಳದೆ ಜಾರುತ್ತದೆ. ಹೊರಳದಿದ್ದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿ ಸಾಯುತ್ತದೆ. ಮೊಟ್ಟೆಯ ಒಂದು ಬದಿಗೆ ಪೆನ್ಸಿಲ್‌ನಲ್ಲಿ ಗುಣಿಸು ಗುರುತು ಹಾಕಿ, ಎರಡು ಗಂಟೆ ಬಿಟ್ಟು ಗುರುತು ಎಲ್ಲಿದೆ ನೋಡಿ. ಕದಲಿರದಿದ್ದರೆ ಖಾನೆಯ ಬದಿಗೆ ರಟ್ಟಿನ ಪಟ್ಟಿ ಸಿಕ್ಕಿಸಿದರೆ ಸಾಕು. 18ನೇ ದಿನ ಹೊರಳಿಸುವ ಟ್ರೇಯನ್ನೇ ತೆಗೆಯಬೇಕು.

ತೇವದ ಮೀಟರಿಗಿಂತ ಅಡುಗೆಮನೆಯ ತಕ್ಕಡಿ ಹೆಚ್ಚು ನಿಜ ಹೇಳುತ್ತದೆ. 18 ದಿನಕ್ಕೆ ಮೊಟ್ಟೆ ಸುಮಾರು 12% ತೂಕ ಕಳೆದುಕೊಳ್ಳಬೇಕು. ಹತ್ತು ಮೊಟ್ಟೆ ಸೇರಿ 420 ಗ್ರಾಂ ಇದ್ದರೆ 370ರ ಹತ್ತಿರ ಇಳಿಯಬೇಕು. ಇಳಿಯದಿದ್ದರೆ ಪೆಟ್ಟಿಗೆಯ ತಳದ ಕಾಲುವೆಗಳಲ್ಲಿ ನೀರು ಕಡಿಮೆ ಮಾಡಿ, ಜಾಸ್ತಿ ಇಳಿದರೆ ಇನ್ನೊಂದು ಕಾಲುವೆ ತುಂಬಿ. ಮಳೆಗಾಲದ ಮಲೆನಾಡಿನಲ್ಲಿ ಮೊದಲ 18 ದಿನ ನೀರೇ ಬೇಡವಾಗಬಹುದು. ಬೇಸಿಗೆಯ ಕೋಲಾರ, ಚಿತ್ರದುರ್ಗದ ಕಡೆ ಒಂದು ಕಾಲುವೆ ಸಾಲದು. ಕೊನೆಯ ಮೂರು ದಿನ ಎಲ್ಲೆಡೆ 65–70% ತೇವ ಬೇಕು, ಆಗ ಮುಚ್ಚಳ ತೆರೆಯಬಾರದು. ಮರಿ ಬಂದರೂ ಅವಸರ ಬೇಡ, ಹೊಟ್ಟೆಯೊಳಗೆ ಸೇರಿದ ಹಳದಿಯೇ ಅದಕ್ಕೆ ಎರಡು–ಮೂರು ದಿನದ ಬುತ್ತಿ.

ಕರೆಂಟ್ ಹೋದಾಗಲೂ ನಡೆಯುವಂತೆ 12 ವೋಲ್ಟ್ ಬ್ಯಾಟರಿ ಜೋಡಿಸುವ ಕಿಂಡಿ ಇರುವ ಮಾದರಿಯನ್ನೇ ಕೊಳ್ಳಿ.

ಇನ್ನು ತಳಿ ದಾಖಲೆ. ಹತ್ತು ಹೇಂಟೆಗಳ ಒಂದು ವಾರದ ಮೊಟ್ಟೆ 40–50 ಆಗುತ್ತದೆ, ಏಳು ದಿನಕ್ಕಿಂತ ಹಳೆಯದನ್ನು ಇಡುವಂತೆಯೂ ಇಲ್ಲ. ಆ ಲೆಕ್ಕಕ್ಕೆ 56 ಹೇಳಿ ಮಾಡಿಸಿದ ಅಳತೆ. ಮೊಟ್ಟೆ ಇಡಲು ಹೇಂಟೆ ಒಳಹೊಕ್ಕ ಕೂಡಲೇ ಬಾಗಿಲು ಬೀಳುವ ಗೂಡು ಮಾಡಿ, ಹೇಂಟೆಯ ನಂಬರ್ ಮತ್ತು ತಾರೀಖನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಸ್ಕೆಚ್ ಪೆನ್ ಬೇಡ, ಚಿಪ್ಪಿನ ರಂಧ್ರದಲ್ಲಿ ಶಾಯಿ ಇಳಿಯುತ್ತದೆ. 18ನೇ ದಿನ ಒಂದೊಂದು ಹೇಂಟೆಯ ಮೊಟ್ಟೆಗಳನ್ನು ಸೊಳ್ಳೆಪರದೆ ಬಟ್ಟೆಯ ಸಡಿಲ ಚೀಲಕ್ಕೆ ಹಾಕಿ, ನಂಬರ್ ಚೀಟಿ ಕಟ್ಟಿ. ಮುಚ್ಚಳ ತಗ್ಗಾಗಿರುವುದರಿಂದ ಬುಟ್ಟಿ ಹಿಡಿಸುವುದಿಲ್ಲ. ಚೀಲದಿಂದ ತೆಗೆದ ಕ್ಷಣವೇ ಮರಿಯ ಕಾಲಿಗೆ ಬಣ್ಣದ ಉಂಗುರ ಹಾಕಬೇಕು. ಕಾಲು ದಪ್ಪವಾದಂತೆ ಅದನ್ನು ಬದಲಿಸದಿದ್ದರೆ ಚರ್ಮದೊಳಗೆ ಕಚ್ಚುತ್ತದೆ. ಹುಟ್ಟಿದ ದಿನದ, 8 ವಾರದ, 20 ವಾರದ ತೂಕ, ಕಾಲಿನ ಬಣ್ಣ ಮತ್ತು ಉದ್ದ, ಜುಟ್ಟಿನ ಆಕಾರ, ಪುಕ್ಕದ ಬಣ್ಣ, ಮೊದಲ ಮೊಟ್ಟೆಯ ವಯಸ್ಸು: ಇಷ್ಟಾದರೂ ಆ ನಂಬರಿನ ಮುಂದೆ ಇರಬೇಕು.

ಈ ಪೆಟ್ಟಿಗೆಯ ನಿಜವಾದ ಅಪಾಯ ಅದರ ಅನುಕೂಲವೇ. ಒಂದೇ ಚೆಂದದ ಹುಂಜನಿಂದ ತಿಂಗಳಿಗೊಮ್ಮೆ ಹತ್ತಾರು ಮರಿ ತೆಗೆಯಬಹುದು. ಒಂದು ಹುಂಜ, ಹತ್ತು ಹೇಂಟೆ ಎಂದರೆ ತಳಿಯ ಲೆಕ್ಕದಲ್ಲಿ ಪರಿಣಾಮಕಾರಿ ಸಂಖ್ಯೆ (ಹುಂಜ–ಹೇಂಟೆ ಸಮನಾಗಿದ್ದರೆ ಎಷ್ಟು ಹಕ್ಕಿಗಳಿಗೆ ಸಮ ಎಂಬ ಲೆಕ್ಕ) ಬರೀ 3.6, ತಲೆಮಾರಿಗೆ ಸುಮಾರು 14% ರಕ್ತಸಂಬಂಧ ಏರುತ್ತದೆ. ಅದೇ ಹತ್ತು ಹೇಂಟೆಗೆ ಐದು ಹುಂಜಗಳಿದ್ದರೆ ಸಂಖ್ಯೆ 13.3, ಏರಿಕೆ 4%ಕ್ಕೂ ಕಡಿಮೆ. ಹುಂಜ ಬದಲಿಸಿದಾಗ ಮೂರು ವಾರದ ಮೊಟ್ಟೆಯನ್ನು ದಾಖಲೆಗೆ ಇಡಬೇಡಿ, ಹಳೆಯ ಹುಂಜನ ವೀರ್ಯ ಹೇಂಟೆಯ ಒಡಲಲ್ಲಿ ಅಷ್ಟು ದಿನ ಉಳಿಯಬಲ್ಲದು. ಪಕ್ಕದ ಮನೆಯ ಗಿರಿರಾಜ ಹುಂಜ ಬೇಲಿ ಹಾರಿದರೂ ಇದೇ ನಿಯಮ. ಗಿರಿರಾಜ ಒಳ್ಳೆಯ ಹಿತ್ತಲ ಕೋಳಿ, ಆದರೆ ಬೆಂಗಳೂರಿನಲ್ಲಿ ಅಭಿವೃದ್ಧಿಪಡಿಸಿದ್ದು, ನಾಟಿ ತಳಿಯಲ್ಲ.

ಕಾವಿಗೆ ಕೂರುವುದೇ ನಾಟಿ ಹೇಂಟೆಯ ದೊಡ್ಡ ಗುಣ. ತಲೆಮಾರುಗಟ್ಟಲೆ ಎಲ್ಲ ಮೊಟ್ಟೆಗಳನ್ನೂ ಯಂತ್ರಕ್ಕೇ ಇಟ್ಟು, ಕಾವಿಗೆ ಕೂರದೆ ಹೆಚ್ಚು ಮೊಟ್ಟೆ ಇಡುವ ಹೇಂಟೆಯದನ್ನೇ ಆರಿಸುತ್ತ ಹೋದರೆ ಅದು ಸದ್ದಿಲ್ಲದೆ ಕಳೆದುಹೋಗುತ್ತದೆ. ಹಾಗಾಗಿ ಪ್ರತಿ ಸಲ ಎರಡು–ಮೂರು ಹೇಂಟೆಗಳನ್ನಾದರೂ ಮಂಕರಿಯಲ್ಲಿ ಹತ್ತು–ಹನ್ನೆರಡು ಮೊಟ್ಟೆಯ ಮೇಲೆ ಕೂರಿಸಿ, ಎಷ್ಟು ದಿನ ಬಿಡದೆ ಕೂತಿತು, ಎಷ್ಟು ಮರಿ ಮಾಡಿತು ಎಂದು ಬರೆಯಿರಿ. ಯಂತ್ರದ ಮೊಟ್ಟೆಗಳನ್ನೂ ಅದೇ ದಿನ ಇಟ್ಟರೆ ಇನ್ನೊಂದು ಲಾಭವಿದೆ. ಮರಿ ಬಂದ ರಾತ್ರಿ, ದೀಪ ಆರಿಸಿ, ಉಂಗುರ ಹಾಕಿದ ಯಂತ್ರದ ಮರಿಗಳನ್ನು ಒಂದೊಂದಾಗಿ ಹೇಂಟೆಯ ರೆಕ್ಕೆಯಡಿ ತಳ್ಳಿ. ಬೆಳಗಾದರೆ ಅದು ಸಾಮಾನ್ಯವಾಗಿ ಎಲ್ಲವನ್ನೂ ಕೆದಕುವ ಜಾಗಕ್ಕೆ ಕರೆದೊಯ್ಯುತ್ತದೆ.